ವಿಜ್ಞಾನದ ತರಗತಿಯಲ್ಲಿ ಒಂಟಿಯಾಗಿ ಕುಳಿತವರು

ನಮ್ಮ ವಾಚಕರಲ್ಲೊಬ್ಬರಾದ ಗೃಹಸ್ಥರು ಈಚೆಗೆ ಒಂದು ಕಾಗದವನ್ನು ಬರೆದು ಪ್ರಶ್ನೆಯೊಂದನ್ನು ಕೇಳಿದ್ದಾರೆ. ಅವರ ಚಿರಂಜೀವಿಯು ಅಮೆರಿಕಾ ಸಂಯುಕ್ತ ಸಂಸ್ಥಾನದ ಒಂದು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಸಂಶೋಧನೆಯನ್ನು ಮಾಡುತ್ತ, ತನ್ನ ಖರ್ಚಿಗಾಗಿ ಮೊದಲನೆಯ ವರ್ಷದ ವಿದ್ಯಾರ್ಥಿಗಳಿಗೆ ಪ್ರಯೋಗಶಾಲೆಯಲ್ಲಿ ಪಾಠ ಹೇಳುವ ಸಹಾಯಕನಾಗಿಯೂ ಇದ್ದಾನೆ. ಅವನ ತರಗತಿಯಲ್ಲಿ ಕಪ್ಪು ಜನಾಂಗದವರು ಇಬ್ಬರೇ ಇಬ್ಬರು. ಅವರು ಹಿಂದಿನ ಮೇಜಿನಲ್ಲಿ ಕುಳಿತು, ಸಂಶಯವಿದ್ದರೂ ಬಾಯಿಬಿಟ್ಟು ಕೇಳದೆ, ಕೆಲಸವನ್ನು ಮುಗಿಸಿ ಹೊರಟುಹೋಗುತ್ತಾರಂತೆ. ಹೀಗಿರಲು ವಿಭಾಗದ ಮುಖ್ಯಸ್ಥರು ಸಹಾಯಕರನ್ನೆಲ್ಲ ಕರೆದು, ಇಂಥ ವಿದ್ಯಾರ್ಥಿಗಳ ವಿಷಯದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಅರ್ಧ ದಿವಸ ವಿವರಿಸಿದರಂತೆ. “ಆಮ್ಲಕ್ಕೂ ಕ್ಷಾರಕ್ಕೂ ಮೈಬಣ್ಣ ತಿಳಿಯುತ್ತದೆಯೆ? ವಿಜ್ಞಾನದಲ್ಲಿ ಈ ಗೊಡವೆ ಏತಕ್ಕೆ?” ಎಂಬುದು ತಂದೆಯವರ ಪ್ರಶ್ನೆ.

ಪ್ರಶ್ನೆ ಸಹಜವಾದುದು. ಆಮ್ಲಕ್ಕೆ ಮೈಬಣ್ಣ ತಿಳಿಯದು, ನಿಜ. ಆದರೆ ಆಮ್ಲದ ಸೀಸೆ ಯಾವ ಕಪಾಟಿನಲ್ಲಿದೆ, ಒಡೆದರೆ ಯಾರಿಗೆ ಹೇಳಬೇಕು, ಹಿಂದಿನ ವರ್ಷದ ಪ್ರಶ್ನಪತ್ರಿಕೆಗಳು ಯಾರ ಹತ್ತಿರ ಸಿಕ್ಕುತ್ತವೆ, ಪ್ರೊಫೆಸರರ ಕೊಠಡಿಗೆ ಯಾವ ಹೊತ್ತಿನಲ್ಲಿ ಹೋದರೆ ಬೇಸರಪಟ್ಟುಕೊಳ್ಳುವುದಿಲ್ಲ, ಈ ಸಂಗತಿಗಳೆಲ್ಲ ಮನುಷ್ಯರಿಂದ ಮನುಷ್ಯರಿಗೆ ತಿಳಿಯತಕ್ಕವು. ನಮ್ಮ ಮನೆಗಳಿಗೆ ಹೊಸದಾಗಿ ಬಂದ ಸೊಸೆಯ ಪಾಡನ್ನು ವಾಚಕರು ಬಲ್ಲರು. ಉಪ್ಪಿನ ಭರಣಿ ಎಲ್ಲಿದೆಯೆಂದು ಯಾರೂ ಹೇಳುವುದಿಲ್ಲ. ಹುಡುಕುತ್ತ ನಿಂತರೆ ಮಾತ್ರ, ಈಕೆಗೆ ಅಡಿಗೆ ಬಾರದೆಂದು ಎಲ್ಲರೂ ನಿರ್ಧರಿಸಿಬಿಡುತ್ತಾರೆ. ಒಂದು ವಿಜ್ಞಾನ ವಿಭಾಗವೂ ಅಂಥದೊಂದು ಮನೆಯೇ. ಅದರಲ್ಲಿ ಬರೆದಿಟ್ಟ ಕಟ್ಟಳೆಗಳಿಗಿಂತ ಬರೆಯದೆ ಇರುವ ಕಟ್ಟಳೆಗಳೇ ಹೆಚ್ಚು.

ಇಲ್ಲಿ ಒಂದು ಮಾತನ್ನು ಬೇರೆಯಾಗಿ ಹೇಳಬೇಕು. ಹಳೆಯ ಕನ್ನಡ ಪುಸ್ತಕಗಳಲ್ಲಿ ಈ ಜನಾಂಗಕ್ಕೆ ಬಳಸುತ್ತಿದ್ದ ಹೆಸರನ್ನು ಅವರು ಈಗ ಒಪ್ಪುವುದಿಲ್ಲ. ಆದಕಾರಣ ಅಲ್ಲಿರುವ ನಮ್ಮ ಮಕ್ಕಳು ಅದನ್ನು ತಮಾಷೆಗಾಗಿಯೂ ಉಚ್ಚರಿಸಕೂಡದು.

ಕಪ್ಪು ಜನಾಂಗದವರು ವಿಜ್ಞಾನಕ್ಕೆ ಹೊಸಬರೆಂದು ಭಾವಿಸುವುದು ತಪ್ಪು. ಎಡ್ವರ್ಡ್ ಬೂಷೆ ಎಂಬಾತನು 1876ನೆಯ ಇಸವಿಯಲ್ಲಿಯೇ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಡಾಕ್ಟರ್ ಪದವಿಯನ್ನು ಪಡೆದನು. ಆ ದೇಶದಲ್ಲಿ ಡಾಕ್ಟರ್ ಪದವಿಯನ್ನು ಪಡೆದ ಕಪ್ಪು ಜನಾಂಗದವರಲ್ಲಿ ಆತನೇ ಮೊದಲಿಗನು. ಬಿಳಿಯನಾಗಿದ್ದರೆ ಯಾವುದಾದರೂ ವಿಶ್ವವಿದ್ಯಾನಿಲಯವು ಕರೆದು ಪೀಠವನ್ನು ಕೊಡುತ್ತಿತ್ತು. ಬೂಷೆಗಾದರೋ ಯಾವ ವಿಶ್ವವಿದ್ಯಾನಿಲಯದ ಬಾಗಿಲೂ ತೆರೆಯಲಿಲ್ಲ. ಫಿಲಡೆಲ್ಫಿಯಾ ನಗರದಲ್ಲಿ ತನ್ನ ಜನಾಂಗದ ಮಕ್ಕಳಿಗಾಗಿ ಇದ್ದ ಒಂದು ಶಾಲೆಯಲ್ಲಿ ಇಪ್ಪತ್ತಾರು ವರ್ಷ ಪಾಠ ಹೇಳಿದನು. ಸಂಶೋಧನೆ ಮಾಡಲು ಪ್ರಯೋಗಶಾಲೆಯೇ ಇಲ್ಲದವನ ಪಾಂಡಿತ್ಯವು ಏನಾಗುವುದೆಂದು ಬೇರೆ ಹೇಳಬೇಕಾಗಿಲ್ಲ.

ಬಾಗಿಲು ತೆರೆದ ಮೇಲೆ ಒಳಗಿನ ಸ್ಥಿತಿ ಹೇಗಿತ್ತೆಂಬುದಕ್ಕೆ ಷರ್ಲಿ ಆನ್ ಜಾಕ್ಸನ್ ಎಂಬ ಮಹಿಳೆಯ ಅನುಭವವು ನಿದರ್ಶನ. ಈಕೆ 1964ರಲ್ಲಿ ಎಂ.ಐ.ಟಿ. ಎಂದು ಹೆಸರಾದ ಮಸಾಚುಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯನ್ನು ಸೇರಿದರು. ಆ ವರ್ಷ ಸೇರಿದವರಲ್ಲಿ ಇಂಥ ಹೆಣ್ಣುಮಕ್ಕಳು ಇಬ್ಬರು ಮಾತ್ರ. ಸಹಪಾಠಿನಿಯರು ಕೂಡಿ ಕುಳಿತು ಲೆಕ್ಕಗಳನ್ನು ಬಿಡಿಸುತ್ತಿದ್ದುದನ್ನು ಕಂಡು, ತಾನೂ ಸೇರಬಹುದೆ ಎಂದು ಒಮ್ಮೆ ಕೇಳಿದಾಗ, ಹೊರಟುಹೋಗೆಂದು ಅವರು ಹೇಳಿದ ಸಂಗತಿಯನ್ನು ಆಕೆಯೇ ಮುಂದೆ ತಿಳಿಸಿದ್ದಾರೆ. ಆಕೆ ಕೊಠಡಿಗೆ ಹಿಂದಿರುಗಿ ಒಬ್ಬಳೇ ಓದಿದರು. 1973ರಲ್ಲಿ ಆ ಸಂಸ್ಥೆಯಿಂದ ಡಾಕ್ಟರ್ ಪದವಿಯನ್ನು ಪಡೆದ ಮೊದಲನೆಯ ಕಪ್ಪು ಮಹಿಳೆಯಾದರು. ಅನಂತರ ಪರಮಾಣು ಶಕ್ತಿಯ ನಿಯಂತ್ರಣ ಮಂಡಲಿಗೆ ಅಧ್ಯಕ್ಷೆಯೂ, 1999ರಿಂದ 2022ರವರೆಗೆ ರೆನ್ಸಲೇರ್ ವಿದ್ಯಾಸಂಸ್ಥೆಗೆ ಮುಖ್ಯಸ್ಥೆಯೂ ಆದರು. ಇಂಥ ಧೀರರ ಕಥೆಯನ್ನು ಹೇಳಿ, “ನೋಡಿ, ಶಕ್ತಿಯಿದ್ದವರು ಹೇಗಾದರೂ ಮೇಲೆ ಬರುತ್ತಾರೆ” ಎನ್ನುವವರುಂಟು. ಅದೇ ಬಗೆಯ ಬುದ್ಧಿಯುಳ್ಳವರಾಗಿ, ಅಷ್ಟೊಂದು ಕಲ್ಲೆದೆಯಿಲ್ಲದೆ ಮೊದಲ ವರ್ಷವೇ ಮನೆಗೆ ಹೊರಟುಹೋದವರ ಲೆಕ್ಕವನ್ನು ಅವರು ಇಡುವುದಿಲ್ಲ.

ಒಂಟಿಯಾಗಿ ಓದುವುದರಿಂದ ಎಷ್ಟು ಹಾನಿಯುಂಟೆಂಬುದನ್ನು ಕಣ್ಣಾರೆ ಕಂಡು ತಿಳಿಸಿದವರು ಯೂರಿ ಟ್ರೈಸ್‌ಮನ್ ಎಂಬ ಗಣಿತಜ್ಞರು. 1970ರ ದಶಕದಲ್ಲಿ ಇವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಬರ್ಕ್ಲಿ ಶಾಖೆಯಲ್ಲಿ ವಿದ್ಯಾರ್ಥಿಗಳಾಗಿದ್ದರು. ಅಲ್ಲಿ ಕ್ಯಾಲ್ಕ್ಯುಲಸ್ ಎಂಬ ಗಣಿತಭಾಗದಲ್ಲಿ ಕಪ್ಪು ವಿದ್ಯಾರ್ಥಿಗಳು ಬಹುಮಂದಿ ತೇರ್ಗಡೆ ಹೊಂದುತ್ತಿರಲಿಲ್ಲ. ಆ ಗಣಿತವಿಲ್ಲದೆ ಭೌತಶಾಸ್ತ್ರವೂ ಇಲ್ಲ, ಇಂಜಿನಿಯರಿಂಗೂ ಇಲ್ಲ. ಕಾರಣವೇನೆಂದು ಅಧ್ಯಾಪಕರನ್ನು ವಿಚಾರಿಸಿದರೆ ನಾಲ್ಕು ಉತ್ತರಗಳು ಬಂದವು: ಹುಡುಗರಿಗೆ ಉತ್ಸಾಹವಿಲ್ಲ, ಹೈಸ್ಕೂಲಿನ ತಳಪಾಯ ಗಟ್ಟಿಯಿಲ್ಲ, ಮನೆಯವರಿಗೆ ವಿದ್ಯೆಯಲ್ಲಿ ಆದರವಿಲ್ಲ, ಬಡತನ. ಟ್ರೈಸ್‌ಮನ್ನರು ಈ ಉತ್ತರಗಳನ್ನು ನಂಬಿ ಕೂರದೆ, ಇಪ್ಪತ್ತು ಮಂದಿ ಕಪ್ಪು ವಿದ್ಯಾರ್ಥಿಗಳನ್ನೂ ಇಪ್ಪತ್ತು ಮಂದಿ ಚೀನೀ ಮೂಲದ ವಿದ್ಯಾರ್ಥಿಗಳನ್ನೂ ಆರಿಸಿಕೊಂಡು, ತಿಂಗಳುಗಟ್ಟಲೆ ಅವರ ಜತೆಯಲ್ಲಿದ್ದು, ಅವರು ಓದುವ ಬಗೆಯನ್ನು ನೋಡಿದರು.

ನೋಡಿದ್ದು ಬೇರೆಯೇ ಆಗಿತ್ತು. ಕಪ್ಪು ವಿದ್ಯಾರ್ಥಿಗಳಲ್ಲಿ ಹಲವರು ತಮ್ಮ ಶಾಲೆಗೆ ಮೊದಲಿಗರಾಗಿದ್ದವರು. ಮಗು ಹುಟ್ಟುವ ಮೊದಲೇ ಕಾಲೇಜಿಗೆ ಕಳುಹಿಸಬೇಕೆಂದು ಸಂಕಲ್ಪಿಸಿದ್ದ ತಂದೆತಾಯಿಗಳ ಮಕ್ಕಳು. ಒಂದು ಗಂಟೆಯ ಪಾಠಕ್ಕೆ ಎರಡು ಗಂಟೆ ಓದಬೇಕೆಂದು ಅಧ್ಯಾಪಕರು ಹೇಳಿದ್ದನ್ನು ಶಿರಸಾವಹಿಸಿ, ವಾರಕ್ಕೆ ಎಂಟು ಗಂಟೆ ತಪ್ಪದೆ ಓದುತ್ತಿದ್ದರು. ಆದರೆ ಇಪ್ಪತ್ತರಲ್ಲಿ ಹದಿನೆಂಟು ಮಂದಿ ಯಾವಾಗಲೂ ಒಬ್ಬೊಬ್ಬರೇ ಓದುತ್ತಿದ್ದರು. ಸ್ನೇಹಿತರು ಬೇರೆ, ಓದು ಬೇರೆ ಎಂದು ವಿಂಗಡಿಸಿಕೊಂಡಿದ್ದರು. ಹಾಗೆ ಒಂಟಿಯಾಗಿ ದುಡಿಯುವ ನೇಮವೇ ಅವರನ್ನು ಹೈಸ್ಕೂಲಿನಲ್ಲಿ ಮೇಲಕ್ಕೆ ತಂದಿದ್ದುದು. ಅದನ್ನು ಅವರು ಹೇಗೆ ಬಿಟ್ಟಾರು? ಚೀನೀ ವಿದ್ಯಾರ್ಥಿಗಳು ಮೊದಲು ತಾವು ತಾವೇ ಓದಿ, ಸಂಜೆ ಕೂಡಿ ಊಟಮಾಡುತ್ತ ಒಬ್ಬರ ಲೆಕ್ಕವನ್ನು ಒಬ್ಬರು ತಿದ್ದುತ್ತಿದ್ದರು. ಹಳೆಯ ಪ್ರಶ್ನಪತ್ರಿಕೆಗಳನ್ನು ಬಿಡಿಸುತ್ತಿದ್ದರು. ಅಣ್ಣನೋ ಬಂಧುವೋ ಬಂದು ಪರೀಕ್ಷಿಸುತ್ತಿದ್ದುದೂ ಉಂಟು. ಎಲ್ಲ ಸೇರಿ ವಾರಕ್ಕೆ ಹದಿನಾಲ್ಕು ಗಂಟೆಯಾಗುತ್ತಿತ್ತು. ಒಂದು ಲೆಕ್ಕ ಬಾರದಿದ್ದರೆ, ಅದು ಯಾರಿಗೂ ಬಂದಿಲ್ಲವೆಂದು ಅವರಿಗೆ ಆ ಸಂಜೆಯೇ ತಿಳಿಯುತ್ತಿತ್ತು. ಒಂಟಿಯಾಗಿ ಕುಳಿತವನಿಗಾದರೋ, ಬಾರದ ಲೆಕ್ಕವು ತನ್ನೊಬ್ಬನ ಅಯೋಗ್ಯತೆಯಂತೆ ತೋರುತ್ತಿತ್ತು. ಪರೀಕ್ಷೆಯ ಅಂಕಗಳು ಬರುವವರೆಗೆ ತಾನೆಲ್ಲಿ ನಿಂತಿದ್ದೇನೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ವಿಶ್ವವಿದ್ಯಾನಿಲಯದಲ್ಲಿ ಹಿಂದುಳಿದವರಿಗೆಂದು ಮರುಪಾಠದ ಏರ್ಪಾಡುಗಳು ಇಲ್ಲದಿರಲಿಲ್ಲ. ಆದರೆ ಶಾಲೆಗೆ ಮೊದಲಿಗನಾಗಿ ಬಂದ ಹುಡುಗನು ಅಂಥ ಕೊಠಡಿಗೆ ಏಕೆ ಹೋದಾನು? ಟ್ರೈಸ್‌ಮನ್ನರು ಈ ಮರ್ಮವನ್ನು ಅರಿತು ಅದಕ್ಕೆ ತಿರುಗುಮುರುಗಾದ ಹಾದಿಯನ್ನು ಹಿಡಿದರು. ಸಾಧಾರಣ ತರಗತಿಗಿಂತ ಕಠಿನವಾದ ಲೆಕ್ಕಗಳನ್ನು ಕೊಟ್ಟು, ಐದಾರು ಮಂದಿಯ ಗುಂಪುಗಳಲ್ಲಿ ಕೂಡಿ ಬಿಡಿಸುವ ಒಂದು ಗೋಷ್ಠಿಯನ್ನು ಏರ್ಪಡಿಸಿ, ಇದು ಸೋತವರಿಗಲ್ಲ, ಮೇಲಕ್ಕೇರಬೇಕೆಂಬವರಿಗೆ ಎಂದು ಸಾರಿದರು. ಗೋಷ್ಠಿಗೆ ಬಂದ ಕಪ್ಪು ವಿದ್ಯಾರ್ಥಿಗಳಲ್ಲಿ ನಪಾಸಾಗುವವರು ಬಹು ಕಡಮೆಯಾದರಲ್ಲದೆ, ಗೋಷ್ಠಿಗೆ ಬಾರದ ಬಿಳಿಯ ಸಹಪಾಠಿಗಳನ್ನೂ ಮೀರಿಸಿದರು. ಅಧ್ಯಾಪಕರು ಹೇಳಿದ್ದ ನಾಲ್ಕು ಕಾರಣಗಳಲ್ಲಿ ಒಂದನ್ನೂ ಟ್ರೈಸ್‌ಮನ್ನರು ಮುಟ್ಟಿರಲಿಲ್ಲ. ಯಾರ ಬಡತನವನ್ನೂ ನೀಗಿರಲಿಲ್ಲ, ಯಾರ ಹೈಸ್ಕೂಲನ್ನೂ ತಿದ್ದಿರಲಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವಿಷಯದ ಮೇಲೆ ನಡೆದ ವಿಚಾರಣೆಗಳಲ್ಲೆಲ್ಲ ಇದೇ ಮುಖ್ಯವಾದುದು. ಇದರಲ್ಲಿ ಪಾಠ ಕಲಿಯಬೇಕಾಗಿದ್ದವರು ಹುಡುಗರಿಗಿಂತ ಹೆಚ್ಚಾಗಿ ಅಧ್ಯಾಪಕರೇ.

ಇದೇ ತತ್ತ್ವವನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿದವರು ಫ್ರೀಮನ್ ಹ್ರಬೋವ್ಸ್ಕಿ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ, ವರ್ಣಭೇದದ ವಿರುದ್ಧ ಮಕ್ಕಳು ನಡೆಸಿದ ಮೆರವಣಿಗೆಯಲ್ಲಿ ಸೇರಿ, ಹನ್ನೆರಡು ವರ್ಷದ ಬಾಲಕನಾಗಿ ಐದು ದಿವಸ ಬಂಧನದಲ್ಲಿದ್ದ ಮಹನೀಯರಿವರು. ಗಣಿತದಲ್ಲಿ ಪಂಡಿತರು. ಮೇರಿಲೆಂಡ್ ವಿಶ್ವವಿದ್ಯಾನಿಲಯದ ಬಾಲ್ಟಿಮೋರ್ ಕೌಂಟಿ ಶಾಖೆಯಲ್ಲಿದ್ದಾಗ, ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ಎಂಬ ದಾನಿಗಳ ನೆರವಿನಿಂದ 1988ರಲ್ಲಿ ಒಂದು ವಿದ್ಯಾರ್ಥಿವೇತನದ ಯೋಜನೆಯನ್ನು ಹೂಡಿದರು. ಮರುವರ್ಷ ಹತ್ತೊಂಬತ್ತು ಮಂದಿ ಕಪ್ಪು ಹುಡುಗರು ಮೊದಲನೆಯ ತಂಡವಾಗಿ ಸೇರಿದರು; ಅದರ ಮರುವರ್ಷ ಹುಡುಗಿಯರಿಗೂ ಪ್ರವೇಶವಾಯಿತು.

ಹಣವನ್ನು ಕೊಟ್ಟು ಕೈತೊಳೆದುಕೊಳ್ಳುವ ವಿದ್ಯಾರ್ಥಿವೇತನ ಇದಲ್ಲ. ಕಾಲೇಜು ತೆರೆಯುವ ಮೊದಲಿನ ಬೇಸಗೆಯಲ್ಲಿ ಆರು ವಾರ ಎಲ್ಲರೂ ಒಂದೇ ಕಡೆ ವಾಸಮಾಡಿ ಗಣಿತವನ್ನೂ ವಿಜ್ಞಾನವನ್ನೂ ಕೂಡಿ ಓದಬೇಕು. ಒಬ್ಬನು ಹಿಂದೆ ಬಿದ್ದರೆ ತಂಡಕ್ಕೆಲ್ಲ ಅದರ ಹೊಣೆ. ಬೇಗನೆ ಯಾರಾದರೂ ಪ್ರೊಫೆಸರರ ಪ್ರಯೋಗಶಾಲೆಯಲ್ಲಿ ನಿಜವಾದ ಸಂಶೋಧನೆಗೆ ಕೈಹಚ್ಚಬೇಕು. ಸಾಧಾರಣ ಅಂಕ ಬಂದರೆ ಸಾಕೆಂದು ತೃಪ್ತಿಪಡುವಂತಿಲ್ಲ. ತಳಪಾಯದ ವಿಷಯಗಳಲ್ಲಿ ಹಾಗಾದರೆ ಮತ್ತೆ ಓದಬೇಕು. ತಂದೆತಾಯಿಗಳನ್ನೂ ಕರೆದು ಸೇರಿಸಿಕೊಳ್ಳುತ್ತಾರೆ. ಈ ಕೊನೆಯದು ನಮ್ಮ ವಾಚಕರಿಗೆ ಮೆಚ್ಚಿಗೆಯಾಗದೆ ಇರದು. ಆಯ್ಕೆಯಾಗಿಯೂ ಇಲ್ಲಿಗೆ ಬಾರದೆ ಬೇರೆ ಕಾಲೇಜುಗಳಿಗೆ ಹೋದವರೊಡನೆ ಹೋಲಿಸಿ ನೋಡಿದಾಗ, ಇಲ್ಲಿ ಓದಿದವರಲ್ಲಿ ವಿಜ್ಞಾನದ ಡಾಕ್ಟರ್ ಪದವಿಗೆ ಮುಂದುವರಿದವರು ಸುಮಾರು ಐದು ಪಾಲು ಹೆಚ್ಚಾಗಿದ್ದರು. ಬುದ್ಧಿ ಎರಡೂ ಕಡೆ ಒಂದೇ ಬಗೆಯದಾಗಿದ್ದುದರಿಂದ ವ್ಯತ್ಯಾಸವೆಲ್ಲ ಮನೆಯ ವಾತಾವರಣದ್ದೇ ಎನ್ನಬೇಕಾಗಿದೆ. 2020ರಲ್ಲಿ ಕೋವಿಡ್ ವ್ಯಾಧಿಗೆ ಮಾಡರ್ನಾ ಸಂಸ್ಥೆಯ ಲಸಿಕೆಯನ್ನು ರೂಪಿಸಿದ ಸರ್ಕಾರಿ ವಿಜ್ಞಾನಿಗಳಲ್ಲಿ ಪ್ರಮುಖಳಾದ ಕಿಜ್ಮೀಕಿಯಾ ಕಾರ್ಬೆಟ್ 2008ರಲ್ಲಿ ಈ ಯೋಜನೆಯಿಂದಲೇ ಪದವೀಧರೆಯಾಗಿ ಹೊರಬಂದವಳು.

ಇಷ್ಟಾದರೂ ಒಟ್ಟು ಸ್ಥಿತಿ ಸಮಾಧಾನಕರವಾಗಿಲ್ಲ. ಆ ದೇಶದ ಜನಸಂಖ್ಯೆಯಲ್ಲಿ ಕಪ್ಪು ಜನಾಂಗದವರು ನೂರಕ್ಕೆ ಸುಮಾರು ಹದಿಮೂರು. ಭೌತಶಾಸ್ತ್ರದ ಪದವೀಧರರಲ್ಲಿ ನೂರಕ್ಕೆ ಮೂರು ನಾಲ್ಕು ಮಾತ್ರ. ಅಮೆರಿಕಾದ ಭೌತಶಾಸ್ತ್ರ ಸಂಸ್ಥೆಯವರು ಇದನ್ನು ಕುರಿತು ವಿಚಾರಣೆ ನಡೆಸಿ, 2020ರ ಜನವರಿಯಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ತಾನಿಲ್ಲಿಗೆ ಸೇರಿದವನೆಂಬ ಭಾವನೆ, ತಾನೊಬ್ಬ ಭೌತವಿಜ್ಞಾನಿಯೆಂಬ ಭಾವನೆ, ಓದಿನಲ್ಲಿ ನೆರವು, ಹಣಕಾಸು ಮೊದಲಾದ ಸ್ವಂತ ಕಷ್ಟಗಳಲ್ಲಿ ನೆರವು, ಮುಖ್ಯಸ್ಥರ ಹೊಣೆಗಾರಿಕೆ ಎಂಬ ಐದು ಅಂಶಗಳನ್ನು ಅದರಲ್ಲಿ ಎತ್ತಿ ಹೇಳಿದೆ. ವಿದ್ಯಾರ್ಥಿಗಳನ್ನು ತಿದ್ದುವುದಕ್ಕಿಂತ ವಿಭಾಗಗಳು ತಮ್ಮನ್ನು ತಾವು ತಿದ್ದಿಕೊಳ್ಳಬೇಕೆಂಬುದೇ ಅದರ ಸಾರ.

ಅಧ್ಯಾಪಕರ ನಂಬಿಕೆಗೂ ವಿದ್ಯಾರ್ಥಿಗಳ ಅಂಕಕ್ಕೂ ಸಂಬಂಧವುಂಟೆ? 2019ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ವಿಜ್ಞಾನ, ಗಣಿತ ಮೊದಲಾದ ವಿಷಯಗಳ 150 ಮಂದಿ ಅಧ್ಯಾಪಕರನ್ನೂ ಅವರಲ್ಲಿ ಓದಿದ 15,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ನೋಡಿದರು. ಬುದ್ಧಿಯು ಹುಟ್ಟಿನಿಂದ ಬಂದಷ್ಟೇ, ಬೆಳೆಯತಕ್ಕದ್ದಲ್ಲ, ಎಂದು ನಂಬಿದ ಅಧ್ಯಾಪಕರ ತರಗತಿಗಳಲ್ಲಿ, ಬಿಳಿಯ ವಿದ್ಯಾರ್ಥಿಗಳಿಗೂ ಹಿಂದುಳಿದ ಜನಾಂಗಗಳವರಿಗೂ ಇರುವ ಅಂಕಗಳ ಅಂತರವು, ಹಾಗೆ ನಂಬದವರ ತರಗತಿಗಳಿಗಿಂತ ಎರಡರಷ್ಟರವರೆಗೂ ಇತ್ತು. ಅಧ್ಯಾಪಕರು ಬಾಯಲ್ಲಿ ಏನನ್ನೂ ಹೇಳಬೇಕಾಗಿಲ್ಲ. ಪ್ರಶ್ನೆ ಕೇಳಿದವನ ಕಡೆ ನೋಡುವ ನೋಟದಲ್ಲಿಯೇ ಅದು ತಿಳಿದುಹೋಗುತ್ತದೆ. ಉಪನ್ಯಾಸವನ್ನು ಒಂದೇ ಸಮನೆ ಓದಿಹೇಳುವುದನ್ನು ಬಿಟ್ಟು, ತರಗತಿಯಲ್ಲಿಯೇ ವಿದ್ಯಾರ್ಥಿಗಳಿಂದ ಕೆಲಸ ಮಾಡಿಸುವ ಕಡೆ ಈ ಅಂತರವು ಸುಮಾರು ಮೂರರಲ್ಲೊಂದು ಪಾಲು ಕಡಮೆಯಾಗುವುದೆಂದು 2020ರಲ್ಲಿ, ಅನೇಕ ಪರಿಶೀಲನೆಗಳನ್ನು ಒಟ್ಟುಗೂಡಿಸಿ ನೋಡಿದ ಪಂಡಿತರು ತಿಳಿಸಿದ್ದಾರೆ.

ವಿಭಾಗಗಳು ಈ ಕೆಲಸದಲ್ಲಿ ದಾರಿತಪ್ಪುವುದೂ ಉಂಟು. ಗೋಡೆಗೆ ಚಿತ್ರಪಟಗಳನ್ನು ತೂಗುಹಾಕಿ, ಒಂದು ಹೇಳಿಕೆಯನ್ನು ಅಚ್ಚುಹಾಕಿಸಿದರೆ ಕರ್ತವ್ಯ ಮುಗಿಯಿತೆಂದು ಕೆಲವರ ಎಣಿಕೆ. ವಿಭಾಗದಲ್ಲಿರುವ ಒಬ್ಬನೇ ಕಪ್ಪು ಅಧ್ಯಾಪಕನನ್ನು ಎಲ್ಲ ಸಮಿತಿಗಳಿಗೂ ಸೇರಿಸಿ, ಎಲ್ಲ ವಿದ್ಯಾರ್ಥಿಗಳ ದುಃಖವನ್ನೂ ಅವನ ತಲೆಗೆ ಕಟ್ಟಿ, ಕೊನೆಗೆ ಬಡತಿಯ ಸಮಯದಲ್ಲಿ “ನಿಮ್ಮ ಸಂಶೋಧನೆ ಸಾಲದು” ಎಂದು ಕೇಳುವುದು ಇನ್ನೂ ಕೆಟ್ಟ ಪದ್ಧತಿ. ಮೊದಲನೆಯ ವರ್ಷದ ಪರೀಕ್ಷೆಯಲ್ಲಿ ಅರ್ಧ ಮಂದಿಯನ್ನು ಜರಡಿ ಹಿಡಿದು ಉದುರಿಸುವುದೇ ವಿಭಾಗದ ಹಿರಿಮೆಯೆಂದು ಹೆಮ್ಮೆಪಡುವ ಪ್ರೊಫೆಸರರು ಆ ದೇಶದಲ್ಲಿಯೂ ಇದ್ದಾರೆ, ನಮ್ಮಲ್ಲಿಯೂ ಇದ್ದಾರೆ. ಜರಡಿಯಲ್ಲಿ ಉಳಿಯುವುದು ಬುದ್ಧಿಯೋ, ಅಣ್ಣಂದಿರ ಹಳೆಯ ಟಿಪ್ಪಣಿಯ ಪುಸ್ತಕವೋ ಎಂಬುದನ್ನು ಅವರು ವಿಚಾರಿಸಿದಂತೆ ಕಾಣುವುದಿಲ್ಲ.

ಇನ್ನು ಕಾಗದ ಬರೆದ ಮಹಾಶಯರ ಮಗನಂಥ ನಮ್ಮ ತರುಣರ ವಿಷಯ. ಅಮೆರಿಕೆಯ ದೊಡ್ಡ ವಿಶ್ವವಿದ್ಯಾನಿಲಯಗಳಲ್ಲಿ ಮೊದಲ ವರ್ಷದ ವಿದ್ಯಾರ್ಥಿಯು ಪ್ರೊಫೆಸರರ ಮುಖವನ್ನು ಹತ್ತಿರದಿಂದ ಕಾಣುವುದು ಅಪರೂಪ. ಅವನ ಹೆಸರನ್ನು ಹಿಡಿದು ಕರೆಯುವವನು ಈ ಸಹಾಯಕನೇ. ಆ ಸಹಾಯಕರಲ್ಲಿ ಭಾರತದವರು ಬಹಳ ಮಂದಿ, ಕನ್ನಡಿಗರೂ ಕಡಮೆಯಿಲ್ಲ. ನಮ್ಮವರಿಗೆ ಆ ದೇಶದ ಬಾಗಿಲನ್ನು ಅಗಲವಾಗಿ ತೆರೆದ ವಲಸೆಯ ಕಾಯಿದೆಯು 1965ರಲ್ಲಿ ಆಯಿತು. ಅದರ ಹಿಂದಿನ ವರ್ಷವೇ ಕಪ್ಪು ಜನರ ಹೋರಾಟದಿಂದ ನಾಗರಿಕ ಹಕ್ಕುಗಳ ಕಾಯಿದೆಯಾಗಿತ್ತು. ಒಂದೇ ಗಾಳಿಗೆ ಎರಡು ಬಾಗಿಲುಗಳೂ ತೆರೆದವು. ಹೀಗಿದ್ದರೂ, ಮದುವೆಯ ಜಾಹೀರಾತಿನಲ್ಲಿ “ಬೆಳ್ಳಗಿನ ವಧು ಬೇಕು” ಎಂದು ಅಚ್ಚುಹಾಕಿಸುವ ಮನೆಗಳಿಂದ ಹೋದ ಹುಡುಗರು ಆ ಎಣಿಕೆಯನ್ನೂ ಪೆಟ್ಟಿಗೆಯಲ್ಲಿಟ್ಟುಕೊಂಡೇ ವಿಮಾನವನ್ನು ಹತ್ತುತ್ತಾರೆ. ಇದನ್ನು ಹೇಳದೆ ಬಿಡುವುದು ಸರಿಯಲ್ಲ.

ಸಹಾಯಕನು ಮಾಡಬಹುದಾದದ್ದು ಚಿಕ್ಕದಾದರೂ ವ್ಯರ್ಥವಲ್ಲ. ಪ್ರಯೋಗಕ್ಕೆ ಜೊತೆಗಾರರನ್ನು ನೀವೇ ಆರಿಸಿಕೊಳ್ಳಿರೆಂದು ಬಿಟ್ಟರೆ, ಸ್ನೇಹಿತರು ಸ್ನೇಹಿತರನ್ನು ಆರಿಸಿಕೊಂಡು, ಆ ಇಬ್ಬರು ಹಿಂದಿನ ಮೇಜಿನಲ್ಲಿಯೇ ಉಳಿಯುತ್ತಾರೆ. ಜೊತೆಗಳನ್ನು ತಾನೇ ಗೊತ್ತುಮಾಡಿ, ಮೂರು ನಾಲ್ಕು ವಾರಗಳಿಗೊಮ್ಮೆ ಬದಲಾಯಿಸಬೇಕು. ಉತ್ತರಪತ್ರಿಕೆಗಳನ್ನು ಹೆಸರು ಮುಚ್ಚಿ ತಿದ್ದಬೇಕು. ಭೇಟಿಗೆ ಗೊತ್ತುಮಾಡಿದ ವೇಳೆಯಲ್ಲಿ ಯಾರು ಬೇಕಾದರೂ ಬಂದು ಏನು ಬೇಕಾದರೂ ಕೇಳಬಹುದೆಂಬುದು, ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಲು ಹತ್ತಿದವನಿಗೆ ತಿಳಿದಿರುವುದಿಲ್ಲ. ಅದು ದಡ್ಡರಿಗೆ ಕೊಡುವ ಶಿಕ್ಷೆಯೆಂದೇ ಅವನು ತಿಳಿದಿರಬಹುದು. ಆದ್ದರಿಂದ ಮೊದಲ ತಿಂಗಳಲ್ಲಿ ಎಲ್ಲರನ್ನೂ, ಬಿಳಿಯ ಕರಿಯ ಎನ್ನದೆ, ಸರದಿಯಂತೆ ಐದು ನಿಮಿಷ ಕರೆದು ಮಾತನಾಡಿಸಿದರೆ ಆ ಸಂಕೋಚ ಮುರಿಯುತ್ತದೆ. ತಪ್ಪನ್ನು ತಿದ್ದುವಾಗ ಮೆತ್ತಗೆ ಮುಚ್ಚಿಡುವುದೂ ಉಪಕಾರವಲ್ಲ. ನಮ್ಮ ತರಗತಿಯ ಮಟ್ಟ ದೊಡ್ಡದು, ನೀನು ಅದನ್ನು ಮುಟ್ಟಬಲ್ಲೆ, ಆದ್ದರಿಂದಲೇ ಇಷ್ಟು ಕೆಂಪುಶಾಯಿ, ಎಂಬ ಅರ್ಥದಲ್ಲಿ ಎರಡು ಸಾಲು ಬರೆದುಕೊಟ್ಟಾಗ, ಕಪ್ಪು ಜನಾಂಗದ ಬಾಲಕರು ತಮ್ಮ ಪ್ರಬಂಧಗಳನ್ನು ಮತ್ತೆ ಬರೆದುತರುವುದು ಬಹಳ ಹೆಚ್ಚಿತೆಂದು 2014ರ ಒಂದು ಪರೀಕ್ಷಣೆಯಲ್ಲಿ ಕಂಡುಬಂದಿದೆ. ಅದು ಚಿಕ್ಕ ಶಾಲೆಯ ಮಕ್ಕಳ ಮೇಲೆ, ಚಿಕ್ಕ ಪ್ರಮಾಣದಲ್ಲಿ ನಡೆದುದು. ಆದರೂ ಆ ಎರಡು ಸಾಲಿಗೆ ಖರ್ಚೇನೂ ಇಲ್ಲವಷ್ಟೆ.

ಈ ಪ್ರಯತ್ನಗಳಿಗೆಲ್ಲ ಈಗ ಕಾಲವು ಅನುಕೂಲವಾಗಿಲ್ಲ. 2023ರ ಜೂನ್ 29ರಂದು ಆ ದೇಶದ ಸುಪ್ರೀಂ ಕೋರ್ಟು, ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವಾಗ ಜನಾಂಗವನ್ನು ಲೆಕ್ಕಕ್ಕೆ ತರಕೂಡದೆಂದು ತೀರ್ಪುಮಾಡಿತು. ಮರುವರ್ಷ ಎಂ.ಐ.ಟಿ. ಸಂಸ್ಥೆಗೆ ಸೇರಿದ ಹೊಸಬರಲ್ಲಿ ಕಪ್ಪು ವಿದ್ಯಾರ್ಥಿಗಳು ನೂರಕ್ಕೆ ಐದಾದರು. ಅದರ ಹಿಂದಿನ ವರ್ಷಗಳಲ್ಲಿ ಹದಿಮೂರರಷ್ಟಿದ್ದರು. 2025ರಲ್ಲಿ ಕೇಂದ್ರ ಸರ್ಕಾರವು ಇಂಥ ಕಾರ್ಯಗಳಿಗೆಂದು ಕೊಟ್ಟಿದ್ದ ನೂರಾರು ಧನಸಹಾಯಗಳನ್ನು ರದ್ದುಪಡಿಸಿತು. ತರಗತಿಯಲ್ಲಿ ಹತ್ತು ಮಂದಿಯಿದ್ದ ಕಡೆ ನಾಲ್ವರಾದರೆ, ಆ ನಾಲ್ವರ ಒಂಟಿತನವು ಎಷ್ಟು ಹೆಚ್ಚುವುದೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಆದರೆ ಇಂಥ ಅಡಚಣೆಯು ಮೇಯರ್‌ಹಾಫ್ ಯೋಜನೆಗೆ ಹಿಂದೆಯೇ ಒಮ್ಮೆ ಬಂದಿತ್ತು. 1994ರಲ್ಲಿ ಮೇರಿಲೆಂಡ್ ವಿಶ್ವವಿದ್ಯಾನಿಲಯದ ಬೇರೊಂದು ಶಾಖೆಯ ವಿದ್ಯಾರ್ಥಿವೇತನವನ್ನು ಕುರಿತ ಮೊಕದ್ದಮೆಯಲ್ಲಿ, ಒಂದೇ ಜನಾಂಗಕ್ಕೆ ಮೀಸಲಾದ ವೇತನವು ಕಾಯಿದೆಗೆ ವಿರುದ್ಧವೆಂದು ಮೇಲಿನ ನ್ಯಾಯಾಲಯವು ತೀರ್ಪುಕೊಟ್ಟಿತು. ಹ್ರಬೋವ್ಸ್ಕಿಯವರು ಯೋಜನೆಯನ್ನು ಮುಚ್ಚಲಿಲ್ಲ. 1996ರಿಂದ ಎಲ್ಲ ಜನಾಂಗದವರನ್ನೂ ಅದಕ್ಕೆ ಸೇರಿಸಿಕೊಂಡರು. ಬೇಸಗೆಯ ಆರು ವಾರ, ಕೂಡಿ ಓದುವ ನೇಮ, ಪ್ರಯೋಗಶಾಲೆಯ ಕೆಲಸ, ತಂದೆತಾಯಿಗಳ ಸಭೆ, ಎಲ್ಲವನ್ನೂ ಇದ್ದಂತೆಯೇ ಉಳಿಸಿಕೊಂಡರು. ಕಾರ್ಬೆಟ್ ಎಂಬಾಕೆ ಬಂದು ಸೇರಿದುದು ಆ ಮೇಲಿನ ವರ್ಷಗಳಲ್ಲಿಯೇ. 2013ರಲ್ಲಿ ಪೆನ್ಸಿಲ್ವೇನಿಯಾ ಮತ್ತು ಉತ್ತರ ಕೆರೊಲಿನಾ ರಾಜ್ಯಗಳ ದೊಡ್ಡ ವಿಶ್ವವಿದ್ಯಾನಿಲಯಗಳೆರಡು ಅದೇ ಮಾದರಿಯನ್ನು ತಮ್ಮಲ್ಲಿಯೂ ಪ್ರಾರಂಭಿಸಿದವು.